ಇಂಟರ್‌ವ್ಯೂಗೆ ಬಂದ ತಾಯಿ

"ವಾಟ್ ಈಸ್ ಯುವರ್ ಮದರ್ಸ್ ನೇಮ್?" ಎಂದು ಪ್ರಿನ್ಸಿಪಾಲ್ ಮೇಡಂ ಕೇಳಿದ್ದಕ್ಕೆ ಆರು ವರ್ಷದ ಸಂಘಮಿತ್ರಾ ಎಲ್ಲೂ ತಡವರಿಸದೆ "ಮೈ ಮದರ್ಸ್ ನೇಮ್ ಈಸ್ ಮರಿತಾಯಮ್ಮ" ಎಂದಳು. ಪಕ್ಕದ ಕುರ್ಚಿಯಲ್ಲಿದ್ದ ಚಿಕ್ಕಮ್ಮ ಬಿಂದುಶ್ರೀ, ಆ ಮರಿತಾಯಮ್ಮ ತಾನೇ ಎನ್ನುವ ಹಾಗೆ ನಕ್ಕಳು. ಅಪ್ಪ ರಾಜೇಂದ್ರನಿಗೆ ಹೋದ ಜೀವ ಬಂದಂತಾಯಿತು.

ಅಪ್ಪ ಅಮ್ಮ ಇಬ್ಬರೂ ಓದಿದವರಾದರೆ ಮಾತ್ರ ನರಸೀಪುರದ ಈ ಇಂಗ್ಲಿಷ್ ಶಾಲೆಯಲ್ಲಿ ಸೀಟು ಎಂಬುದು ಅವರ ಊರು ಹೆಮ್ಮಿಗೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಗುಟ್ಟು. ಗೂಡ್ಸ್ ಆಟೊ ಓಡಿಸುವ ರಾಜೇಂದ್ರ ಪಿಯುಸಿವರೆಗೆ ಓದಿದ್ದ. ಅವನದು ಹೇಗೋ ನಡೆದುಹೋಗುತ್ತಿತ್ತು. ಹೆಂಡತಿ ಮರಿತಾಯಮ್ಮ ಮಾತ್ರ ಚಿಕ್ಕವಳಿದ್ದಾಗಲೇ ಶಾಲೆ ಬಿಟ್ಟು ಮೇಕೆಗಳ ಹಿಂದೆ ಹೋದವಳು. ಅದಕ್ಕೇ ಅವನು ಬಿ.ಕಾಂ. ಮಾಡಿದ್ದ ತಮ್ಮನ ಹೆಂಡತಿಯನ್ನು ಒಂದು ಗಂಟೆಯ ಮಟ್ಟಿಗೆ ಮಗಳ ತಾಯಿಯನ್ನಾಗಿ ಮಾಡಿಕೊಂಡು ಬಂದಿದ್ದ. ಊರಿಗೆ ಇದೇನು ಹೊಸದಲ್ಲ. ಹೋದ ವರ್ಷ ಹಿಂದಿನ ಬೀದಿಯವರು ಮೈಸೂರಿನಿಂದ ಸೋದರಮಾವನನ್ನು ಕರೆಸಿ, ಪ್ಯಾಂಟು ಇಸ್ತ್ರಿ ಮಾಡಿಸಿ, ಅಪ್ಪನೆಂದು ಕೂರಿಸಿದ್ದರು.

ಹೀಗಾಗಿ ಅರ್ಜಿಯಲ್ಲಿ ಮರಿತಾಯಮ್ಮನ ಹೆಸರಿನ ಮುಂದೆ ಬಿ.ಕಾಂ. ಎಂದು ಬಿದ್ದಿತ್ತು. 'ಚಿಕ್ಕಮ್ಮನ್ನ ಮಮ್ಮಿ ಅನ್ನು' ಎಂದು ಒಂದು ವಾರ ಮಗಳಿಗೆ ಉರು ಹೊಡೆಸಿದವಳೂ ಮರಿತಾಯಮ್ಮನೇ. ಮಗಳಿಗೆ ಒಳ್ಳೆಯದಾಗುವುದಾದರೆ ಒಂದು ಗಂಟೆ ತಾಯಿ ಯಾರಾದರೇನು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಈಗ ಗೇಟಿನಾಚೆ ಹೊಂಗೆ ಮರದ ಕೆಳಗೆ ನೀರಿನ ಬಾಟಲಿ ಹಿಡಿದು ನಿಂತಿದ್ದಳು. ಎಲ್ಲ ಸುಸೂತ್ರವಾಗಿ ಮುಗಿಯುವುದರಲ್ಲಿತ್ತು. ಅಷ್ಟರಲ್ಲಿ ಸಂಘಮಿತ್ರಾಗೆ ಒಂದಕ್ಕೆ ಬಂತು.

"ಬಾ, ಮಮ್ಮಿ ಕರ್ಕೊಂಡೋಗ್ತೀನಿ," ಎಂದು ಬಿಂದುಶ್ರೀ ಎದ್ದಳು.

"ಊಹೂಂ, ಅವ್ವನೇ ಬೇಕು," ಎಂದ ಹುಡುಗಿ, ಯಾರಾದರೂ ಹಿಡಿಯುವಷ್ಟರಲ್ಲಿ ಬಾಗಿಲು ದಾಟಿ ಗೇಟಿನ ಕಡೆ ಓಡಿದಳು. ಪ್ರಿನ್ಸಿಪಾಲರ ಕಿಟಕಿಯಿಂದ ಗೇಟು ಚೆನ್ನಾಗಿ ಕಾಣುತ್ತಿತ್ತು.

ಮೇಡಂ ರೇಗಲಿಲ್ಲ. ಮಗು ಒಂದಕ್ಕೆ ಹೋಗಿ ಬಂದ ಮೇಲೆ ಆಯಾಳನ್ನು ಕಳಿಸಿ ತಾಯಿ ಮಗಳಿಬ್ಬರನ್ನೂ ಒಳಗೆ ಕರೆಸಿದರು. "ಗಾಬರಿಯಾಗ್ಬೇಡಿ. ಇಂಥವರು ವರ್ಷಕ್ಕೆ ಹತ್ತು ಜನ ಬರ್ತಾರೆ. ಮಗು ಚುರುಕಾಗಿದೆ, ಸೀಟು ಕೊಡ್ತೀನಿ. ಅರ್ಜಿ ಹೀಗೇ ಇರಲಿ. ಆದ್ರೆ ಪೇರೆಂಟ್ಸ್ ಮೀಟಿಂಗು, ಸ್ಕೂಲ್ ಡೇ, ಎಲ್ಲದಕ್ಕೂ ಇವರೇ ಬರಬೇಕು," ಎಂದು ಬಿಂದುಶ್ರೀಯನ್ನು ತೋರಿಸಿದರು. "ಉಳಿದ ಪೇರೆಂಟ್ಸ್ ನಮ್ಮ ಶಾಲೇಲಿ ಒಂದು ಲೆವೆಲ್ ನೋಡ್ತಾರೆ."

"ಆಗ್ಲಿ ಮೇಡಂ, ಅದ್ಕೇನಂತೆ," ಎಂದ ರಾಜೇಂದ್ರ. ಅವನ ಮುಖ ಅರಳಿತ್ತು.

ಮರಿತಾಯಮ್ಮ ಬಾಯಿಬಿಟ್ಟಳು. "ಎಷ್ಟು ವರ್ಸ ಮೇಡಂ ಇಂಗೆ?"

"ಟೆಂಥ್ ಮುಗಿಯೋವರೆಗೆ."

"ಅಲ್ಲಿಗಂಟ ನಾನು ಇವಳ್ಗೆ ಏನಾಗ್ಬೇಕು?"

"ಮನೇಲಿ ನೀವೇ ತಾಯಿ. ಬೇಡ ಅಂದೋರ್ಯಾರು?"

ಮೇಡಂ ಕೆಟ್ಟವರಲ್ಲ, ನಿಜವಾಗಿಯೂ ಉಪಕಾರ ಮಾಡುತ್ತಿದ್ದೇನೆಂದೇ ತಿಳಿದಿದ್ದರು. ಮರಿತಾಯಮ್ಮ ಮಾತ್ರ ಮೇಜಿನ ಮೇಲಿದ್ದ ಅರ್ಜಿಯನ್ನು ತೆಗೆದು ನಾಲ್ಕು ಮಡಿಕೆ ಮಾಡಿದಳು. "ಒಂದು ಗಂಟೆಗೆ ಅಂತ ಒಪ್ಕೊಂಡಿದ್ದೆ. ಅತ್ತು ವರ್ಸಕ್ಕೆ ಆಗಕಿಲ್ಲ," ಎಂದು ಮಗಳ ಕೈ ಹಿಡಿದು ಹೊರಟೇಬಿಟ್ಟಳು.

ಬಸ್‌ಸ್ಟ್ಯಾಂಡಿನವರೆಗೂ ರಾಜೇಂದ್ರ ಗೊಣಗಿದ. "ಮಗೀನ ತಲೆ ಮ್ಯಾಲೆ ಕಲ್ಲು ಆಕ್ಬುಟ್ಟೆ. ಕೈಗೆ ಬಂದಿದ್ದ ಸೀಟು."

"ನಮ್ಮೂರ ಸರ್ಕಾರಿ ಸ್ಕೂಲಲ್ಲೂ ಇಂಗ್ಲಿಷ್ ಸೆಕ್ಸನ್ ಮಾಡವ್ರೆ. ಬಿಂದು ಓದಿದ್ದೆಲ್ಲಿ, ಕೇಳು."

"ಒಂದ್ನೇ ಕ್ಲಾಸಿಂದ ಡಿಗ್ರಿಗಂಟ ಸರ್ಕಾರದ್ದೇ ಬಾವ," ಎಂದಳು ಬಿಂದುಶ್ರೀ. ಬೆಳಗಿನಿಂದ ಇನ್ನೊಬ್ಬಳಾಗಿ ಕೂತು ಅವಳಿಗೂ ಸಾಕಾಗಿತ್ತು. "ಇಂಗ್ಲಿಷು ಬೇಕಾದ್ರೆ ದಿನಾ ಸಂಜೆ ನಾನು ಏಳ್ಕೊಡ್ತೀನಿ ಪಾಪುಗೆ."

"ಪಾಪು ಒಬ್ಬಳ್ಗೇನಾ?" ಎಂದಳು ಮರಿತಾಯಮ್ಮ.

ಬಿಂದುಶ್ರೀ ವಾರಗಿತ್ತಿಯ ಕಡೆ ತಿರುಗಿ, "ನೀನೂ ಜೊತೇಲಿ ಕೂತ್ಕೊ ಅಕ್ಕ," ಎಂದಳು.

ಹೆಮ್ಮಿಗೆ ಶಾಲೆಯ ಕೊನೆಯ ಗಂಟೆ ಹೊಡೆಯುವ ಮೊದಲೇ ನಾಲ್ವರೂ ಹೆಡ್‌ಮಾಸ್ಟರ್ ಸಿದ್ದಯ್ಯನವರ ಎದುರಿಗಿದ್ದರು. ಆ ವರ್ಷ ಒಂದನೇ ಕ್ಲಾಸಿಗೆ ಸೇರಿದ್ದು ಹತ್ತೇ ಮಕ್ಕಳು; ಹನ್ನೊಂದನೆಯದು ತಾನಾಗಿ ನಡೆದು ಬಂದದ್ದು ಕಂಡು ಅವರೇ ಎದ್ದು ಬೆಂಚು ಎಳೆದು ಹಾಕಿದರು. ಅರ್ಜಿಯನ್ನೂ ತಾವೇ ತುಂಬಿದರು. ಮಗುವಿನ ಹೆಸರು, ಹುಟ್ಟಿದ ದಿನ, ತಂದೆಯ ವಿದ್ಯಾಭ್ಯಾಸ ಪಿಯುಸಿ. ತಾಯಿಯ ವಿದ್ಯಾಭ್ಯಾಸ ಎಂಬಲ್ಲಿಗೆ ಬಂದಾಗ ಏನೂ ಕೇಳದೆ, ಮರ್ಯಾದೆಗೆಂದು, ಒಂದು ಸಣ್ಣ ಗೀಟು ಎಳೆಯಲು ಹೋದರು.

"ಗೀಟು ಬ್ಯಾಡಿ ಸಾ. ಮೂರ್ನೇ ಕ್ಲಾಸು ಅಂತ ಬರೀರಿ."

ಸಿದ್ದಯ್ಯ ಬರೆದರು. ಪೆನ್ನು ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಮರಿತಾಯಮ್ಮ ಮೇಜಿನ ಹತ್ತಿರಕ್ಕೆ ಬಂದು ಆ ಜಾಗದ ಮೇಲೆ ಬೆರಳಿಟ್ಟಳು.

"ಅದ್ರ ಪಕ್ಕ ಒಸಿ ಜಾಗ ಬುಡಿ ಸಾ. ಇನ್ನೂ ಸೇರ್ಸದೈತೆ."