ಪೆಟ್ಟಿಗೆಯ ತೂತಿಗೆ ತುರುಕಿದ ಟೋಪಿ

ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್ ಸೊಸೆ ಚಪ್ಪಲಿಯನ್ನೂ ಬಿಡದೆ ಕಿಟಕಿಯತ್ತ ಓಡಿದಳು. ನಿನ್ನೆ ಸಂಜೆ ಗಡಿಬಿಡಿಯಲ್ಲಿ ಕಲಾಂಚೊ ಹೂಗಿಡದ ಕುಂಡದ ಮೇಲೆ ರಟ್ಟಿನ ಪೆಟ್ಟಿಗೆ ಕವುಚುವುದನ್ನೇ ಮರೆತಿದ್ದಳು. ವಾರಗಟ್ಟಲೆ, ಸಂಜೆಯಿಂದ ಬೆಳಗಿನವರೆಗೆ ಕತ್ತಲು ಸಿಕ್ಕರೆ ಮಾತ್ರ ಚಳಿಗಾಲದಲ್ಲಿ ಅದು ಕೆಂಪಗೆ ಹೂ ಬಿಡುವುದು. ಮದುವೆಯಾಗಿ ಬಂದ ಮೇಲೆ ಈ ಮನೆಯಲ್ಲಿ ತನ್ನದೆಂದು ಅವಳು ಇಟ್ಟುಕೊಂಡದ್ದು ಅದೊಂದೇ. "ಗಿಡಕ್ಕೂ ಮಲಗೋ ಕೋಣೆ ಬೇಕೇನೇ?" ಎಂದು ಅತ್ತೆ ದಿನವೂ ಚುಚ್ಚುತ್ತಿದ್ದರು.

ಆದರೆ ಪೆಟ್ಟಿಗೆ ಕವುಚಿಯೇ ಇತ್ತು. ಕೈ ಹಾಕಿ ಎತ್ತಲೆಂದು ಅದರಲ್ಲಿದ್ದ ತೂತಿನಲ್ಲಿ ಅತ್ತೆಯ ಉಣ್ಣೆಯ ಟೋಪಿ, ಚಳಿ ಮುಗಿಯುವವರೆಗೂ ಅವರು ತಲೆಯಿಂದ ತೆಗೆಯದ ಟೋಪಿ, ಬಿಗಿಯಾಗಿ ತುರುಕಲಾಗಿತ್ತು.

ಅತ್ತೆ ಎರಡೂ ಕಿವಿಗಳನ್ನು ಅಂಗೈಯಲ್ಲಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದರು. "ತೂತಲ್ಲಿ ಬೀದಿ ದೀಪ ಇಣುಕ್ತಿತ್ತು ಕಣೇ," ಎಂದರು. ಸೊಸೆ ಅವಸರದಲ್ಲಿ ಟೋಪಿ ಎಳೆಯಹೋದಳು.

"ಟೋಪಿ ಆಮೇಲೆ ಕೊಡುವಂತೆ. ಮೊದ್ಲು ಪೆಟ್ಟಿಗೆ ತೆಗಿ, ನಮ್ಮ ಗಿಡ ಮೊಗ್ಗು ಬಿಟ್ಟಿದ್ಯಾ ನೋಡೋಣ."