ಕಂಬ ಕೇಳಿಸಿಕೊಂಡ ಹೂಂ

"ನಾನು ಒಪ್ಪಿದ್ದಾದರೂ ಯಾವಾಗ?" ಕಾವ್ಯವಾಚನದ ಮಂಟಪವನ್ನು ಕೇಳುಗರ ಒಪ್ಪಿಗೆಯ ಮೇರೆಗೆ ಕೆಡವುವ ನೋಟೀಸು ನೋಡಿ ವಾರಿಜಮ್ಮ ತಮ್ಮಷ್ಟಕ್ಕೆ ಕೇಳಿದರು.

ಆ ಊರಿನಲ್ಲಿ ಯಾರ ಅಭಿಪ್ರಾಯವನ್ನೂ ಕೇಳುವ ಪದ್ಧತಿಯಿರಲಿಲ್ಲ. ಕೇಳಿದರೆ ಜನ ಸುಳ್ಳು ಹೇಳುತ್ತಾರೆಂದು ಸಮೀಕ್ಷೆಗೆಂದು ನೆಟ್ಟ ಕಂಬಗಳೇ ಅವರ ಮಾತನ್ನು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದವು. ಹೂಂ ಎಂದರೆ ಒಪ್ಪಿಗೆ, ಊಹೂಂ ಎಂದರೆ ಇಲ್ಲ. ಬೇರೆ ಮಾತು ಅವಕ್ಕೆ ತಿಳಿಯದು.

ಕಂಬ ಒರೆಸುತ್ತಿದ್ದ ಸಮೀಕ್ಷೆಯ ಹುಡುಗಿ ಮೇದಿನಿ ತಿರುಗಿದಳು. "ಮೊನ್ನೆ ಪದ್ಯದ ನಡುವೆ ಗಮಕಿಗಳು ಮಂಟಪ ಕೆಡವೋ ಪ್ರಸ್ತಾಪಾನೂ ಓದಿದ್ರಲ್ಲಮ್ಮಾ, ಸಾಲುಸಾಲಿಗೂ ಹೂಂ ಅಂದೋರು ನೀವೇ."

"ಅಯ್ಯೋ ತಾಯೀ, ಅದು ಕೇಳ್ತಾ ಇದೀನಿ ಅನ್ನೋ ಹೂಂ! ಸೀತಮ್ಮನ್ನ ಕಾಡಿಗೆ ಅಟ್ಟಿದಾಗ್ಲೂ ಅಂದಿದೀನಿ. ಹಂಗಂತ ಒಪ್ಪಿಬಿಟ್ನಾ?"

ಮೇದಿನಿಗೆ ನಗು ಬಂತು. ಅಷ್ಟರಲ್ಲಿ ಗಮಕಿಗಳು ಶ್ರುತಿ ಹಿಡಿದರು. ಅವಳು ಬಗ್ಗಿ ಪಿಸುಗುಟ್ಟಿದಳು: "ಕಂಬದ ಕೊನೇ ಎಣಿಕೆ ಇವತ್ತೇ. ಓದು ಮುಗಿಯೋವರೆಗೂ ಹೂಂ ಅನ್ಬೇಡಿ. ಮಂಟಪ ಉಳಿದ್ರೂ ಉಳೀಬಹುದು."

ವಾರಿಜಮ್ಮ ಸೆರಗು ಹೊದ್ದು, ಎಂದಿನಂತೆ ಕಂಬಕ್ಕೆ ಒರಗಿ ಕುಳಿತರು.

"ಕೇಳೋರು ಹೂಂಗುಟ್ಟದಿದ್ರೆ ಓದೋರ ಗಂಟಲು ಕಟ್ಟುತ್ತೆ, ಮಗಳೇ. ಅದು ಮಾತ್ರ ನನ್ನ ಕೈಲಾಗಲ್ಲ. ಊಹೂಂ."