ಗಟ್ಟಿ ಹಿಡಿದ ಎಳೆಗಳು

ಸಾರಾಯಿ ಅಂಗಡಿ ಮುಚ್ಚಿಸಲು ಇಳಕಲ್ಲಿನ ನಮ್ಮ ಓಣಿಯ ಹೆಂಗಸರೆಲ್ಲ ಬೀದಿಗಿಳಿದರು ಎನ್ನುತ್ತಾರೆ. ಆ ‘ಎಲ್ಲ’ ಎಂಬ ಮಾತಿಗೆ ನನ್ನ ತಕರಾರಿದೆ. ನನ್ನ ಅವ್ವ ಇಳಿಯಲಿಲ್ಲ. ಅಪ್ಪ ಕುಡಿದು ಬರುತ್ತಿದ್ದುದು ಅದೇ ಅಂಗಡಿಯಿಂದ. ಗಂಜಿ ಹಚ್ಚಿದ ನೂಲಿನ ವಾಸನೆ ಬಂದರೆ ಈಗಲೂ ನನ್ನ ಬೆರಳುಗಳು ತಾವಾಗಿಯೇ ಬಿಗಿಯುತ್ತವೆ.

ಅಪ್ಪನ ತಾಯಿ, ನನ್ನ ಅಜ್ಜಿ, ಹೋಗಬೇಡ ಎನ್ನಲಿಲ್ಲ. ಅವ್ವ ಮೋರ್ಚಾಕ್ಕೆಂದು ತಲೆ ಬಾಚಿಕೊಳ್ಳುವಾಗ, "ಸೆರಗಿನ ಕೊಂಡಿ ಹಾಕಿ ಹೋಗವಾ, ಮೋರ್ಚಾ ಎಲ್ಲಿ ಓಡಿ ಹೊಕ್ಕೈತಿ?" ಎಂದಳಷ್ಟೆ. ಸೆರಗಿನ ರೇಷ್ಮೆ ಎಳೆಗಳನ್ನು ಸೀರೆಯ ಮೈಯೆಳೆಗಳಿಗೆ ಒಂದೊಂದಾಗಿ ಕೂಡಿಸುವ ಕೆಲಸ ಅದು. ನಡುವೆ ಕೈಬಿಟ್ಟರೆ ಎಲ್ಲವೂ ಸಿಕ್ಕಾಗುತ್ತದೆ. ಅವ್ವ ಮಗ್ಗದಡಿ ಕಾಲು ಇಳಿಬಿಟ್ಟು ಕೂರುವ ಕುಣಿಗಿಳಿದಳು. ಎಳೆಗಳ ಇನ್ನೊಂದು ತುದಿಯನ್ನು ಎಂಟು ವರ್ಷದ ನನ್ನ ಕೈಗೆ ಅಜ್ಜಿ ಕೊಟ್ಟಳು.

ಮಧ್ಯಾಹ್ನ ಘೋಷಣೆ ನಮ್ಮ ಬಾಗಿಲಿಗೇ ಬಂತು. "ಏ, ಬಾರವಾ! ಕುಣ್ಯಾಗ ಬೇರ ಬಿಟ್ಟಿಯೇನ?" ಎಂದು ಪಕ್ಕದ ಮನೆಯ ಕಾಕಿ ಹೊರಗಿನಿಂದಲೇ ಕೂಗಿದಳು. ಅವ್ವ ಅವಳನ್ನು ನೋಡಲಿಲ್ಲ, ನನ್ನ ಬೆರಳುಗಳನ್ನು ನೋಡಿದಳು.

"ಗಟ್ಟಿ ಹಿಡೀಲೇ ಹುಡುಗಿ," ಎಂದಳು ಅಜ್ಜಿ.

ಹಿಡಿದೆ. ಘೋಷಣೆ ಓಣಿ ದಾಟಿತು.

ಅವ್ವಾ, ಅವತ್ತು ನಾ ಕೈ ಬಿಟ್ಟಿದ್ದರ ನೀ ಹೋಗ್ತಿದ್ದಿಯೇನ?